ಬಿಸಿನೀರಿನ ಬೀರುವಿನ ಆಕಳು

ಲಂಡನ್ನಿನಲ್ಲಿ, ನಮ್ಮ ಸ್ಟ್ಯಾನ್ಮೋರ್ ಮನೆಯಲ್ಲಿ, ದೇವರು ಇದ್ದದ್ದು ಬಿಸಿನೀರಿನ ಟ್ಯಾಂಕಿನ ಬೀರುವಿನಲ್ಲಿ. ಮಹಡಿ ಹತ್ತಿದರೆ ಎಡಕ್ಕೆ, ಬಚ್ಚಲುಮನೆಗೆ ಅಂಟಿಕೊಂಡಂತೆ. ಮನೆ ಕಟ್ಟಿಸಿದ ಇಂಗ್ಲಿಷರು ಅದನ್ನು ಒಗೆದ ಟವೆಲು, ಹಾಸಿಗೆ ಬಟ್ಟೆ ಬೆಚ್ಚಗಿಡಲೆಂದು ಮಾಡಿಸಿದ್ದರು. ನಮ್ಮತ್ತೆ ಆ ಮನೆಗೆ ಬಂದ ವಾರವೇ ಟವೆಲುಗಳನ್ನು ಹೊರಗಟ್ಟಿ, ಹಲಗೆಯ ಮೇಲೆ ಕೆಂಪು ಖಣ ಹಾಸಿ, ದೇವರನ್ನು ಕೂರಿಸಿಬಿಟ್ಟರಂತೆ. ಧಾರವಾಡದ ಕಡೆ ದೇವರು ಕೂರುವ ಜಾಗಕ್ಕೆ ಜಗಲಿ ಎನ್ನುತ್ತಾರೆ. ನಾನು ಮೈಸೂರಿನವಳು, ನಮ್ಮಲ್ಲಿ ಜಗಲಿಯೆಂದರೆ ಮನೆ ಮುಂದೆ ಕೂತು ಹರಟುವ ಕಟ್ಟೆ. ನಮ್ಮ ಲಂಡನ್ ಜಗಲಿಯ ಕೆಳಗಡೆ ಟ್ಯಾಂಕು ದಿನವಿಡೀ ಗುಳುಗುಳು ಎನ್ನುತ್ತಿತ್ತು. ಆ ಮನೆಯಲ್ಲಿ ಜನವರಿ ತಿಂಗಳಲ್ಲಿ ಬೆಚ್ಚಗಿದ್ದದ್ದು ದೇವರು ಮಾತ್ರ.

ಊದಿನಕಡ್ಡಿ ಹಚ್ಚಿದಾಗಲೆಲ್ಲ ಎದುರಿನ ಚಾವಣಿಗೆ ಬಡಿದಿದ್ದ ಹೊಗೆಯ ಅಲಾರಂ ಬಾಯಿ ಬಡಿದುಕೊಳ್ಳುತ್ತಿತ್ತು. ನನ್ನ ಗಂಡ ಅದಕ್ಕೆ ಒಂದು ಪ್ಲಾಸ್ಟಿಕ್ ಸ್ನಾನದ ಟೋಪಿ ತೊಡಿಸಿದ್ದರು. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಎಚ್ಚರವಾಗಿರುವವರನ್ನು ಮಲಗಿಸುವುದೇ ಕಸುಬು. ಹುಡುಗನಾಗಿದ್ದಾಗ ತಾಯಿಯ ಜೊತೆ ಧಾರವಾಡದಿಂದ ಲಂಡನ್ನಿಗೆ ಬಂದವರು. ನಮ್ಮ ಮಾವನೂ ಡಾಕ್ಟರು, ಮೊದಲೇ ಬಂದು ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಎರಡು ಕೋಣೆ ಹಿಡಿದಿದ್ದರು. ನಾನು ತೊಂಬತ್ತರ ದಶಕದ ಆರಂಭದಲ್ಲಿ ಸೊಸೆಯಾಗಿ ಬರುವ ಹೊತ್ತಿಗೆ ಮಾವ ತೀರಿಕೊಂಡಿದ್ದರು, ಸ್ಟ್ರಾಟ್‌ಫರ್ಡ್ ಹೋಗಿ ಸ್ಟ್ಯಾನ್ಮೋರ್ ಬಂದಿತ್ತು, ಮನೆಯಲ್ಲಿ ಅತ್ತೆಯ ರಾಜ್ಯಭಾರ ನಡೆದಿತ್ತು.

ಆ ಜಗಲಿಯ ನಡುವೆ, ಒಂದು ಸಣ್ಣ ಬೆಳ್ಳಿ ತಟ್ಟೆಯಲ್ಲಿ, ಒಂದು ಬೆಳ್ಳಿ ಬಿಲ್ಲೆ ಇತ್ತು. ಹಳೆಯ ರೂಪಾಯಿಗಿಂತ ಕೊಂಚ ಚಿಕ್ಕದು, ಆದರೆ ದಪ್ಪ, ಸರಿಯಾಗಿ ದುಂಡಗೂ ಇಲ್ಲ. ಒಂದು ಮೈಯಲ್ಲಿ ಆಕಳು ತಲೆ ಹಿಂದಕ್ಕೆ ತಿರುಗಿಸಿ ನಿಂತಿದೆ, ಹೊಟ್ಟೆಯ ಕೆಳಗೆ ಕರು ಹಾಲು ಕುಡಿಯುತ್ತಿದೆ. ಇನ್ನೊಂದು ಮೈಯಲ್ಲಿ ಒಂದು ಚೌಕ, ಚೌಕದೊಳಗೆ ಎಸಳೆಸಳಾಗಿ ರಂಗೋಲಿ. ಸಾಕ್ಷಾತ್ ಕಾಮಧೇನು, ಹಿಂದೆ ಯಂತ್ರ. ಇದರಲ್ಲಿ ಅನುಮಾನಪಡುವಂಥದ್ದು ಏನೂ ಇರಲಿಲ್ಲ. ಪ್ರತಿ ಶುಕ್ರವಾರ ಅರಿಶಿನ ಕುಂಕುಮ, ದೀಪಾವಳಿ ಅಮಾವಾಸ್ಯೆಯ ದಿನ ಹುಣಸೇಹಣ್ಣು ಮತ್ತು ವಿಭೂತಿ ಹಾಕಿ ಗಸಗಸ ಉಜ್ಜಿ ಸ್ನಾನ. ಆಮೇಲೆ ಆ ಆಕಳು ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು, ಅತ್ತೆಯ ಮುಖವೂ ಕೂಡ.

"ನಮ್ಮ ಅತ್ತಿ ನನ್ನ ಕೈಯಾಗ ಇಟ್ಟದ್ದು ಇದು," ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ಅಕಿಗೆ ಅಕಿ ಅತ್ತಿ ಕೊಟ್ಟಿದ್ಲು. ಏಳು ಮಂದಿ ಸೊಸ್ತ್ಯಾರ ಕೈ ದಾಟಿ ಬಂದೈತಿ."

ಅಂದರೆ ಎಂಟನೆಯವಳು ನಾನು. ಈ ಲೆಕ್ಕ ನನಗೆ ಬಂದ ದಿನವೇ ಅರ್ಥವಾಗಿತ್ತು. ಆದರೆ ಕೊಡಬೇಕಾದವರಿಗೆ ಅರ್ಥವಾದಂತೆ ಕಾಣಲಿಲ್ಲ. ಕ್ವೀನ್ಸ್‌ಬರಿಯ ಅಂಗಡಿಗೆ ಎರಡು ಸ್ಟೇಷನ್ ದೂರ ಹೋಗಿ ವೀಳ್ಯದೆಲೆ, ತೆಂಗಿನಕಾಯಿ, ಹುಣಸೇಹಣ್ಣು ತರುವವಳು ನಾನು. ಬತ್ತಿ ಹೊಸೆಯುವವಳು ನಾನು. ಅಲಾರಮ್ಮಿನ ಟೋಪಿ ಜಾರಿದರೆ ಕುರ್ಚಿ ಹತ್ತಿ ಸರಿಮಾಡುವವಳೂ ನಾನೇ. ಆಕಳನ್ನು ಮಾತ್ರ ಮುಟ್ಟುವ ಹಾಗಿಲ್ಲ. ಒಂದು ಸಲ ಧೂಳು ಒರೆಸೋಣವೆಂದು ಕೈ ಚಾಚಿದರೆ ಅತ್ತೆ ಅಡುಗೆಮನೆಯಿಂದಲೇ ಕೂಗಿದ್ದರು, "ಅದು ಇರಲಿ ಬಿಡು ತಂಗಿ." ಅಡುಗೆಮನೆ ಕೆಳಗಿನ ಮಹಡಿಯಲ್ಲಿತ್ತು. ಅವರಿಗೆ ಹೇಗೆ ತಿಳಿಯಿತೋ ಆ ಶಿವನೇ ಬಲ್ಲ.

"ಅತ್ತೆ, ನಾನು ಯಾವಾಗ ಮಾಡೋದು ಈ ಪೂಜೆ?" ಎಂದು ಒಮ್ಮೆ ನಾಚಿಕೆ ಬಿಟ್ಟು ಕೇಳಿದೆ.

"ವ್ಯಾಳ್ಯಾ ಬಂದಾಗ ಕೊಡ್ತೇನಿ," ಎಂದರು.

ವೇಳೆ ಬರಲಿಲ್ಲ. ಎಂಟೊಂಬತ್ತು ದೀಪಾವಳಿಗಳು ಬಂದು ಹೋದವು. ನನಗೆ ಆ ಆಕಳು ಬೇಕಿತ್ತು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೆಳ್ಳಿಯ ಆಸೆಗಲ್ಲ, ನಮ್ಮಮ್ಮ ಕೊಟ್ಟ ಬೆಳ್ಳಿ ಸಾಮಾನೇ ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಕಪ್ಪಾಗುತ್ತಿತ್ತು. ಅದು ನನ್ನ ಕೈಗೆ ಬಂದರೆ ನಾನು ಆ ಮನೆಯವಳು, ಬರದಿದ್ದರೆ ಮೈಸೂರಿನಿಂದ ಬಂದು ಬಹಳ ದಿನ ಉಳಿದ ನೆಂಟಳು. ನನ್ನ ತಲೆಯಲ್ಲಿ ವಿಷಯ ಅಷ್ಟು ಸರಳವಾಗಿತ್ತು. ಶುಕ್ರವಾರ ಬಂತೆಂದರೆ ಹೊಟ್ಟೆ ಉರಿಯುತ್ತಿತ್ತು.

ನಾನು ಆಗ ಒಬ್ಬ ಜಿಪಿಯ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನ್ ಕೆಲಸ ಮಾಡುತ್ತಿದ್ದೆ. ಜೊತೆಗೆ ಆಸ್ಪತ್ರೆಗಳಲ್ಲಿ ಕನ್ನಡದ ಹಿರಿಯರು ಬಂದಾಗ ದುಭಾಷಿಯಾಗಿ ಕರೆಸುತ್ತಿದ್ದರು. ಅದಕ್ಕೊಂದು ತರಬೇತಿಯೂ ಆಗಿತ್ತು. ಹೇಳಿದ್ದನ್ನು ಹೇಳಿದ ಹಾಗೆ ಹೇಳಬೇಕು, ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು. ಇದು ನಿಯಮ. ನಮ್ಮವರ ವಿಷಯದಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ನಿಯಮ ಮಾಡಿದವರಿಗೆ ಗೊತ್ತಿರಲಿಲ್ಲ. ಡಾಕ್ಟರು "ನೋವು ಎಲ್ಲಿ?" ಎಂದು ಕೇಳಿದರೆ ಅಜ್ಜಿಯರು ಮಗಳ ಬಾಣಂತನದಿಂದ ಶುರುಮಾಡುತ್ತಿದ್ದರು. ನಾನು ಬಾಣಂತನ, ಬೀಗರ ಜಗಳ, ಬಸ್ಸಿನಲ್ಲಿ ಸೀಟು ಸಿಗದಿದ್ದದ್ದು ಎಲ್ಲವನ್ನೂ ಇಂಗ್ಲಿಷಿಗೆ ತಂದು ಕೊನೆಗೆ ಮೊಣಕಾಲಿಗೆ ತಲುಪುತ್ತಿದ್ದೆ. ಡಾಕ್ಟರುಗಳು ನನ್ನನ್ನು ನೋಡಿ ಗಡಿಯಾರ ನೋಡುತ್ತಿದ್ದರು. ಆದರೂ ನಾನು ಒಂದು ಮಾತೂ ಬಿಟ್ಟವಳಲ್ಲ. ಅದೊಂದು ಹೆಮ್ಮೆ ನನಗಿತ್ತು.

ನಮ್ಮತ್ತೆಗೆ ದುಭಾಷಿಯ ಅಗತ್ಯವಿರಲಿಲ್ಲ. ಅವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಪಕ್ಕದ ಮನೆಯವನ ಬೇಲಿ ನಮ್ಮ ಕಡೆ ವಾಲಿದಾಗ ಕೌನ್ಸಿಲ್‌ಗೆ ಫೋನ್ ಮಾಡಿ ಅವರು ಆಡಿದ ಇಂಗ್ಲಿಷ್ ಕೇಳಿ ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟಿದ್ದೆ. ಆದರೆ ಬೇಡವಾದಾಗ ಬರುತ್ತಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿ ಏನಾದರೂ ಮಾರಲು ಬಂದರೆ, ಇಲ್ಲವೇ ಡಾಕ್ಟರು ಸಿಹಿ ಬಿಡಿ ಎಂದರೆ, ಅತ್ತೆ ಕೈ ತಿರುವಿ ನನ್ನ ಮುಖ ನೋಡುತ್ತಿದ್ದರು.

ಇನ್ನು ಲಂಡನ್ನಿನ ದೊಡ್ಡ ಮ್ಯೂಸಿಯಮ್ಮಿನ ವಿಷಯ. ಊರಿನಿಂದ ಯಾರೇ ಬರಲಿ, ಲಂಡನ್ ತೋರಿಸುವ ಕೆಲಸ ನನ್ನ ತಲೆಗೆ. ಅರಮನೆ, ಗಡಿಯಾರದ ಗೋಪುರ, ಸೇತುವೆ, ಮ್ಯೂಸಿಯಂ. ಮ್ಯೂಸಿಯಂ ಪುಕ್ಕಟೆ, ಒಳಗೆ ಮಳೆಯಿಲ್ಲ, ಶೌಚಾಲಯವಿದೆ. ಹಾಗಾಗಿ ಅಲ್ಲಿಗೆ ನಾನು ಹೋದಷ್ಟು ಸಲ ಅಲ್ಲಿನ ಕಾವಲುಗಾರರೂ ಹೋಗಿರಲಾರರು. ಒಂದು ಬೇಸಿಗೆಯಲ್ಲಿ ಬಂದ ನೆಂಟರೊಬ್ಬರು ಈಜಿಪ್ಟಿನ ಹೆಣಗಳನ್ನು ನೋಡಿ ಸುಸ್ತಾಗಿ ಬೆಂಚಿನ ಮೇಲೆ ಕೂತು ತೂಕಡಿಸಿದರು. ನಾನು ಮಾಡಲು ಕೆಲಸವಿಲ್ಲದೆ ಪಕ್ಕದ ಕೋಣೆಗೆ ಹೋಗಿ ಗಾಜಿನ ಪೆಟ್ಟಿಗೆಯೊಂದಕ್ಕೆ ಒರಗಿ ನಿಂತೆ. ಕೆಳಗೆ ನೋಡಿದೆ. ಗಾಜಿನೊಳಗೆ ನಮ್ಮತ್ತೆಯ ಆಕಳು ಮಲಗಿತ್ತು.

ಅದೇ ತಿರುಗಿಸಿದ ತಲೆ, ಅದೇ ಕರು. ಪಕ್ಕದಲ್ಲಿ ಅಂಥದ್ದೇ ಇನ್ನೊಂದು, ಬೆನ್ನು ಮೇಲೆ ಮಾಡಿ, ರಂಗೋಲಿ ತೋರಿಸುತ್ತ. ಕೆಳಗಿನ ಚೀಟಿಯಲ್ಲಿ ಗ್ರೀಸ್ ಎಂದೂ, ಕಾರ್ಫು ದ್ವೀಪವೆಂದೂ, ಕ್ರಿಸ್ತನಿಗಿಂತ ಹಿಂದಿನ ಬೆಳ್ಳಿ ನಾಣ್ಯವೆಂದೂ ಬರೆದಿತ್ತು. ಅಯ್ಯೋ ರಾಮ, ಎಂದೆ, ಸ್ವಲ್ಪ ಜೋರಾಗಿಯೇ. ಒಬ್ಬ ಜಪಾನೀ ಪ್ರವಾಸಿ ನನ್ನ ಕಡೆ ತಿರುಗಿ ತಲೆ ಬಾಗಿಸಿದ.

ಮಾರನೆಯ ದಿನ ಭಾನುವಾರ. ಉಪ್ಪಿಟ್ಟು ತಿನ್ನುತ್ತ ನಾನು ವಿಷಯ ಹೇಳಿದೆ. ಅತ್ತೆ ನಮಗೆ ಬೆನ್ನು ಮಾಡಿ ಸಿಂಕಿನ ಮುಂದೆ ನಿಂತಿದ್ದರು. ನಲ್ಲಿ ನಿಂತಿತು.

"ಗ್ರೀಕರದ?" ಎಂದರು ನನ್ನ ಗಂಡ. ಉಪ್ಪಿಟ್ಟಿನ ಚಮಚ ಅರ್ಧದಲ್ಲಿಯೇ ಉಳಿಯಿತು. "ಅವ್ವಾ, ಕೇಳಿದೇನು? ನಮ್ಮ ಜಗಲಿ ಮ್ಯಾಗಿನ ಆಕಳಾ ಗ್ರೀಕರದಂತ!"

"ಆಕಳಾ ಆಕಳಾನ," ಎಂದರು ಅತ್ತೆ. "ಅದಕ್ಕ ಊರ ಯಾಕ ಬೇಕು? ಉಪ್ಪಿಟ್ಟ ಆರತೈತಿ, ತಿನ್ನು." ಆಮೇಲೆ ಕೈ ಒರೆಸಿಕೊಂಡು ಮೇಲೆ ಹೋದರು. ಬೀರುವಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಆ ಬಾಗಿಲನ್ನು ಹಗಲು ಹೊತ್ತು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ.

ನನ್ನ ಗಂಡನನ್ನು ಇನ್ನು ಹಿಡಿಯುವವರಿರಲಿಲ್ಲ. ಅವರಿಗೆ ಧಾರವಾಡದ ಶಾಲೆಯಲ್ಲಿ ಕಲಿತದ್ದೆಲ್ಲ ಒಮ್ಮೆಗೇ ನೆನಪಾಯಿತು. ಗ್ರೀಕರು ನಮ್ಮ ಕರಾವಳಿಗೆ ಹಡಗಿನಲ್ಲಿ ಬಂದಿದ್ದರು. ಮೆಣಸು ಕೊಂಡಿದ್ದರು. ಕನ್ನಡ ಮಾತು ಕೇಳಿ ಬರೆದುಕೊಂಡೂ ಹೋಗಿದ್ದರು. ಇಷ್ಟಾದ ಮೇಲೆ ಒಂದು ನಾಣ್ಯ ಘಟ್ಟ ಹತ್ತಿ ಧಾರವಾಡಕ್ಕೆ ಬರುವುದು ದೊಡ್ಡ ಮಾತೇ? ಎರಡು ವಾರದೊಳಗೆ ನಮ್ಮ ವಂಶದ ಮೂಲಪುರುಷ ಮೆಣಸಿನ ವ್ಯಾಪಾರಿಯಾದ. ಮೂರನೆಯ ವಾರ ಅವನಿಗೆ ಸ್ವಂತ ಹಡಗು ಬಂತು. ನಾನು, "ಏನ್ರೀ, ನಿಮ್ಮ ತಾತ ಧಾರವಾಡದಲ್ಲಿ ಪೇಡೆ ಅಂಗಡಿ ಲೆಕ್ಕ ಬರೀತಿದ್ರಲ್ವಾ?" ಎಂದರೆ, "ಅದು ಈಚೀಚಿನ ಮಾತು" ಎಂದರು. ಆ ವರ್ಷದ ರಾಜ್ಯೋತ್ಸವದಲ್ಲಿ ನಮ್ಮ ಕನ್ನಡದವರ ಮುಂದೆ 'ಕರ್ನಾಟಕ ಮತ್ತು ಗ್ರೀಸ್: ಒಂದು ಮನೆತನದ ಸಾಕ್ಷ್ಯ' ಎಂದು ಭಾಷಣ ಕೊಡುವುದಾಗಿಯೂ ಒಪ್ಪಿಕೊಂಡುಬಿಟ್ಟರು. ಅದಕ್ಕೆ ಮೊದಲು ಆಕಳನ್ನು ಮ್ಯೂಸಿಯಮ್ಮಿನ ತಜ್ಞರಿಗೆ ತೋರಿಸಬೇಕು. ಫೋನ್ ಮಾಡಿ ಒಂದು ದಿನವನ್ನೂ ಗೊತ್ತುಮಾಡಿದರು.

ಅತ್ತೆ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋದರು. ರೊಟ್ಟಿ ಬಡಿಯುವ ಸದ್ದಿನಲ್ಲಿಯೇ ಅವರ ಮನಸ್ಸು ಹೇಳಬಹುದಿತ್ತು, ಆಗ ಆ ಸದ್ದು ಮೆತ್ತಗಾಗಿತ್ತು. ನಾನು ಮೇಲೆ ಹೋದರೆ ಅವರೂ ಹಿಂದೆಯೇ ಬರುತ್ತಿದ್ದರು. ಸ್ನಾನಕ್ಕೆ ಹೋದರೂ ಹೊರಗೆ ಅವರ ಬಳೆ ಸದ್ದು. ನನಗೆ ತಲೆ ಚಿಟ್ಟು ಹಿಡಿಯಿತು. ನಾನು ಆಕಳ ಮೇಲೆ ಕಣ್ಣಿಟ್ಟಿದ್ದೇನೆ, ಅದಕ್ಕೇ ಮ್ಯೂಸಿಯಮ್ಮಿನ ಕಥೆ ಕಟ್ಟಿದ್ದೇನೆ ಎಂದು ಅವರು ತಿಳಿದಿದ್ದಾರೆ, ಅದು ನನ್ನ ಲೆಕ್ಕ. ಒಂದು ಮಧ್ಯಾಹ್ನ ತಡೆಯಲಾಗದೆ ಅಂದೇಬಿಟ್ಟೆ:

"ಅತ್ತೆ, ನಾನೇನು ನಿಮ್ಮ ಹಸು ಹೊಡ್ಕೊಂಡು ಮೈಸೂರಿಗೆ ಓಡಿ ಹೋಗ್ತೀನಾ? ಇಷ್ಟು ವರ್ಷ ಆದ್ರೂ ನಾನು ಕಳ್ಳಿನಾ ನಿಮಗೆ?"

"ಆಕಳಾ," ಎಂದರು. "ಹಸು ಅಲ್ಲ." ಅಷ್ಟೇ. ನಾನು ಗ್ಯಾರೇಜಿಗೆ ಹೋಗಿ ವಾಷಿಂಗ್ ಮೆಷಿನ್ ಪಕ್ಕ ನಿಂತು ಅತ್ತುಬಿಟ್ಟೆ. ಮೆಷಿನ್ ಹಿಂಡುವ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ಗೊತ್ತುಮಾಡಿದ ದಿನ ಬಂತು. ನನ್ನ ಗಂಡ ಬೀರುವಿಗೆ ಕೈಹಾಕುವ ಮೊದಲೇ ಅತ್ತೆ ಇಳಕಲ್ ಸೀರೆಯುಟ್ಟು, ಮೇಲೆ ಉದ್ದನೆಯ ಕೋಟು ಹಾಕಿ, ಕಾಲಿಗೆ ಬೂಟು ಏರಿಸಿ ಬಾಗಿಲಲ್ಲಿ ನಿಂತಿದ್ದರು. ಆಕಳು ಅವರ ಕೈಚೀಲದಲ್ಲಿ, ಒಂದು ರವಿಕೆಬಟ್ಟೆಯ ತುಂಡಿನಲ್ಲಿ.

"ನಾನೂ ಬರ್ತೇನಿ. ನನ್ನ ಬಿಟ್ಟು ಅದು ಎಲ್ಲಿಗೂ ಹೋಗೂದಿಲ್ಲ."

"ಅವ್ವಾ, ನೀ ಯಾಕ ಸುಮ್ನ? ಮೊಣಕಾಲ ನೋವಂತಿ."

"ಮೊಣಕಾಲೂ ಬರತೈತಿ," ಎಂದರು ಅತ್ತೆ.

ಮೂವರೂ ಟ್ಯೂಬ್ ರೈಲು ಹತ್ತಿ, ನಡುವೆ ಬದಲಿಸಿ, ಮ್ಯೂಸಿಯಂ ತಲುಪಿದೆವು. ನಮ್ಮನ್ನು ಒಂದು ಹಿಂಭಾಗದ ಕೋಣೆಗೆ ಕರೆದೊಯ್ದರು. ಉದ್ದನೆಯ ಮೇಜು, ಬಾಗುವ ದೀಪ, ಸಣ್ಣ ತಕ್ಕಡಿ. ತಜ್ಞೆ ಐವತ್ತರ ಆಸುಪಾಸಿನ ಹೆಂಗಸು, ಸಾವಧಾನದ ಮಾತು, ಸ್ವೆಟರಿನ ತೋಳು ಮಡಚಿಕೊಂಡಿದ್ದರು. ಅತ್ತೆ ರವಿಕೆಬಟ್ಟೆ ಬಿಚ್ಚಿ ಆಕಳನ್ನು ಮೇಜಿನ ಮೇಲಿಟ್ಟು, ಅಭ್ಯಾಸಬಲದಿಂದ ಕೈ ಮುಗಿದರು. ತಜ್ಞೆ ಒಂದು ಗಳಿಗೆ ತಾನೂ ಕೈ ಮುಗಿಯಬೇಕೇನೋ ಎಂಬಂತೆ ನಿಂತು, ಆಮೇಲೆ ಭೂತಗನ್ನಡಿ ತೆಗೆದುಕೊಂಡರು.

ತೂಗಿದರು. ತಿರುಗಿಸಿದರು. ಬಹಳ ಹೊತ್ತು ನೋಡಿದರು. ನಂತರ ಉಸಿರು ಬಿಗಿಹಿಡಿದು, ಈ ಗೆರೆಗಳ ಆಳದಲ್ಲಿ ಏನೋ ಹಳದಿ ಮಣ್ಣು ಉಳಿದಿದೆ, ಇದು ಸಿಕ್ಕ ನೆಲದ ಮಣ್ಣಿದ್ದರೆ ಬಹಳ ಉಪಯೋಗ, ಎಂದರು. ನನ್ನ ಗಂಡ ಕುರ್ಚಿಯ ತುದಿಗೆ ಬಂದರು. ನಾನು ಹೇಳಲೇಬೇಕಾಯಿತು, ಅದು ಅರಿಶಿನ. ತಜ್ಞೆ ಭೂತಗನ್ನಡಿ ಕೆಳಗಿಟ್ಟರು. ಎಲ್ಲಿಯ ಅರಿಶಿನ ಎಂದು ಕೇಳಿದರು. ಕ್ವೀನ್ಸ್‌ಬರಿ, ಎಂದೆ.

ಇದನ್ನು ಯಾವುದರಿಂದ ತೊಳೆಯುತ್ತೀರಿ ಎಂದು ಆಮೇಲೆ ಕೇಳಿದರು. ಹುಣಸೇಹಣ್ಣು ಮತ್ತು ವಿಭೂತಿ ಎಂದೆ. ವಿಭೂತಿ ಎಂದರೆ ಬೂದಿ ಎಂದೆ. ಎಷ್ಟು ವರ್ಷದಿಂದ, ಎಂದರು. ಮೊದಲಿನಿಂದಲೂ, ಎಂದೆ. ಆಕೆ ಕಣ್ಣು ಮುಚ್ಚಿ ತೆರೆದರು. ಮನೆಯಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಕೇಳಿದಾಗ ಹೀಗೆ ಮಾಡುವವರನ್ನು ನಾನು ನೋಡಿದ್ದೇನೆ.

ಆಕೆ ಹೇಳಿದ್ದರ ತಾತ್ಪರ್ಯ ಇಷ್ಟು. ಆಕಳು, ಕರು, ಚೌಕ, ತೂಕ ಎಲ್ಲವೂ ಕಾರ್ಫುವಿನ ಹಳೆಯ ನಾಣ್ಯಕ್ಕೆ ಹೊಂದುತ್ತವೆ, ಅಥವಾ ಅಲ್ಲಿಯವರು ಎದುರಿನ ದಡದಲ್ಲಿ ಕಟ್ಟಿದ ಊರಿನದಿರಬಹುದು. ಅಸಲಿಯಾದರೆ ಬಹಳ ಅಪರೂಪ. ಆದರೆ ಯಾರಾದರೂ ಹಿಂದೆ ಮಾಡಿದ ಒಳ್ಳೆಯ ನಕಲೂ ಇರಬಹುದು. ಹಳೆಯ ಮಾಸಲು ಮೇಲ್ಮೈ ಉಳಿದಿದ್ದರೆ ಹೇಳಬಹುದಿತ್ತು, ಮೇಲ್ಮೈ ಹುಣಸೇಹಣ್ಣಿನ ಜೊತೆ ಹೋಗಿದೆ. ಇನ್ನು ಉಳಿದಿರುವುದು ಒಂದೇ ದಾರಿ, ಇದು ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು.

ನನ್ನ ಗಂಡ ಇದಕ್ಕೇ ಕಾದಿದ್ದರು. ಗಂಟಲು ಸರಿಮಾಡಿಕೊಂಡು, ಮೆಣಸಿನಿಂದ ಶುರುಮಾಡಿದರು. ಹಡಗು ಇನ್ನೂ ದಡ ಮುಟ್ಟಿರಲಿಲ್ಲ, ಅವರ ಸೊಂಟದ ಪೇಜರ್ ಕೂಗಿತು. ಆಸ್ಪತ್ರೆಯಲ್ಲಿ ಯಾರಿಗೋ ತುರ್ತಾಗಿ ನಿದ್ದೆ ಬೇಕಿತ್ತು. ಫೋನ್ ಹುಡುಕಿಕೊಂಡು ಓಡಿದರು.

ತಜ್ಞೆ ಅತ್ತೆಯ ಕಡೆ ತಿರುಗಿ ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದರು: ಅಮ್ಮಾ, ನಿಮಗೆ ಇದನ್ನು ಕೊಟ್ಟವರು ಯಾರು?

ಅತ್ತೆ ಕೈ ತಿರುವಿ ನನ್ನ ಮುಖ ನೋಡಿದರು. ನಾನು ಕನ್ನಡದಲ್ಲಿ ಕೇಳಿದೆ, "ಯಾರು ಕೊಟ್ಟದ್ದು ಅಂತ ಕೇಳ್ತಿದಾರೆ, ಅತ್ತೆ."

ಅತ್ತೆ ಒಂದು ಸಲ ಬಾಗಿಲ ಕಡೆ ನೋಡಿದರು, ಮಗ ಬಂದನೇನೋ ಎಂದು. ಆಮೇಲೆ ಆಕಳನ್ನೇ ನೋಡುತ್ತ ಮಾತಾಡತೊಡಗಿದರು.

"ಹೇಳ್ತೇನಿ ಕೇಳು. ನಮ್ಮ ಅತ್ತಿ ಕಡೆ ಒಂದು ಆಕಳಾ ಇತ್ತು, ಇಲ್ಲಂತಿಲ್ಲ. ಬೆಳ್ಳಿದು, ಹಿಂಗ ಕರುವಿಗೆ ಹಾಲ ಕುಡಸೂದು. ನಾ ಹಿರೇ ಸೊಸಿ, ನನಗ ಬರಬೇಕಿತ್ತು. ಇಲ್ಲಿಗೆ ಹೊಂಟಾಗ ಬಾಯಿ ಬಿಟ್ಟು ಕೇಳಿದ್ನಿ. ನೀರ ದಾಟಿ ಹೋಗಾಕಿ ಕೈಯಾಗ ಮನಿ ದೇವ್ರನ್ನ ಹೆಂಗ ಕೊಡ್ಲಿ ಅಂದ್ಲು. ನನ್ನ ಕಣ್ಣ ಮುಂದ ಸಣ್ಣ ಸೊಸಿ ಉಡಿಯಾಗ ಹಾಕಿದ್ಲು. ಬರಿಗೈಲೆ ಬಂದ್ನಿ. ಸ್ಟ್ರಾಟ್‌ಫರ್ಡಿನಾಗ ಜಗಲಿ ಅಂದ್ರ ಒಂದ ಹಲಗಿ. ಅದರ ಮ್ಯಾಲ ಏನೂ ಇಲ್ಲ. ಖಾಲಿ ಹಲಗಿಗೆ ಊದಿನಕಡ್ಡಿ ಹಚ್ಚತಿದ್ನಿ. ನಿಮ್ಮ ಮಾವ ಒಂದ ದಿನಾ ಕೇಳಲಿಲ್ಲ. ಗಂಡಸ್ರು ಜಗಲಿ ಕಡೆ ಯಾವಾಗ ನೋಡ್ಯಾರ? ವಾಸನಿ ಬಂತಂದ್ರ ಕೈ ಮುಗೀತಾರ, ಊಟಕ್ಕ ಕೂಡ್ತಾರ."

ತಜ್ಞೆ ಪೆನ್ನು ಹಿಡಿದು ಸೌಜನ್ಯದಿಂದ ಕಾಯುತ್ತಿದ್ದರು.

"ಇಂವನ ಕೋಟಿನ ಗುಂಡಿ ಕಿತ್ತಿದ್ವು," ಎಂದರು ಅತ್ತೆ, ಮಗ ಓಡಿಹೋದ ಬಾಗಿಲ ಕಡೆ ಕೈ ಮಾಡಿ. "ಅಲ್ಲೆ ಒಂದು ಚರ್ಚಿನಾಗ ಹಳೇ ಸಾಮಾನ ಮಾರ್ತಿದ್ರು. ಒಂದ ಬಿಸ್ಕಿಟ್ ಡಬ್ಬಿ ತುಂಬ ಗುಂಡಿ. ಯಾವುದೋ ಮುದುಕಿ ಸತ್ತಿದ್ಲಂತ, ಅಕಿ ಡಬ್ಬಿ. ಯಾರ ಏನೋ, ಹೆಸರೂ ಗೊತ್ತಿಲ್ಲ. ಮನಿಗೆ ತಂದು ಹಾಸಿಗಿ ಮ್ಯಾಲ ಸುರುವಿದ್ನಿ. ಗುಂಡಿ ಜೋಡಿ ಆಕಳಾ ಬಿತ್ತು. ಕರು ಹಾಲ ಕುಡ್ಯಾಕತ್ತಿತ್ತು. ನಾ ಎಷ್ಟ ಅತ್ನಿ ಅಂದ್ರ, ಕೆಳಗಿನ ಮನಿ ಹೆಣಮಗಳು ಬಂದು ಬಾಗಿಲಾ ಬಡದ್ಲು. ಅವತ್ತಿನಿಂದ ಯಾರ ಕೇಳಿದ್ರೂ ನಮ್ಮ ಅತ್ತಿ ಕೊಟ್ಟಿದ್ದು ಅಂತೇನಿ. ಕೊಡಬೇಕಿತ್ತಲ್ಲ, ಅದಕ್ಕ."

ಅವರು ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡರು. "ನಿನಗ ಕೊಡಬಾರದಂತ ಅಲ್ಲವ್ವಾ. ಏನಂತ ಹೇಳಿ ಕೊಡ್ಲಿ? ಏಳು ಸೊಸ್ತ್ಯಾರ ಕಥಿ ಹೇಳಿ, ನಿನ್ನ ಕೈಯಾಗ ಸುಳ್ಳ ಇಡಾಕ ಮನಸ್ಸ ಬರಲಿಲ್ಲ. ಗುಂಡಿ ಡಬ್ಬ್ಯಾಗಿಂದು ಅಂತ ಹೇಳಾಕ ನಾಚಿಕಿ. ಹಿಂಗ ದಿನಾ ಹೋದ್ವು. ಈಗ ಅಕಿಗೆ ಏನ ಹೇಳ್ತಿ, ಹೇಳು."

ಇಷ್ಟು ವರ್ಷ ಶುಕ್ರವಾರಕ್ಕೊಮ್ಮೆ ನಾನು ಈ ಹೆಂಗಸನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಖಾಲಿ ಹಲಗೆಯ ಮುಂದೆ ಊದಿನಕಡ್ಡಿ ಹಿಡಿದು ನಿಂತ ಅವರನ್ನು ನೆನೆದು ನನಗೆ ಎಂಥ ಸಂಕಟವಾಯಿತೆಂದರೆ, ಅವರ ಅತ್ತೆ, ಆ ಧಾರವಾಡದ ಮುದುಕಿ, ಆಗ ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆಕೆ ಸತ್ತು ಬಹಳ ಕಾಲವಾಗಿತ್ತು. ಎದುರಿಗಿದ್ದದ್ದು ಪೆನ್ನು ಹಿಡಿದ ತಜ್ಞೆ.

ಹೇಳಿದ್ದನ್ನು ಹೇಳಿದ ಹಾಗೆ ಹೇಳಬೇಕು. ಸೇರಿಸಬಾರದು, ಬಿಡಬಾರದು.

"ಅವರ ಅತ್ತೆ ಕೊಟ್ಟದ್ದಂತೆ," ಎಂದೆ ಇಂಗ್ಲಿಷಿನಲ್ಲಿ.

ತಜ್ಞೆ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಬಹಳ ಮಾತಾಡಿದರಲ್ಲ, ಎಂದರು. ನಮ್ಮ ಭಾಷೆಯಲ್ಲಿ ಅತ್ತೆಯ ಬಗ್ಗೆ ಹೇಳುವಾಗ ಸ್ವಲ್ಪ ಉದ್ದವಾಗುತ್ತದೆ, ಎಂದೆ. ಆಕೆ ತಲೆಯಾಡಿಸಿದರು. ಆಕೆಗೂ ಅತ್ತೆ ಇದ್ದಿರಬೇಕು.

ಅತ್ತೆ ಕದಲದೆ ಕೂತಿದ್ದರು. ನನ್ನ ಇಂಗ್ಲಿಷಿನ ಒಂದೊಂದು ಮಾತೂ ಅವರ ಕಿವಿಗೆ ಬಿದ್ದಿತ್ತು. ನನ್ನ ಕಡೆ ತಿರುಗಲಿಲ್ಲ. ಮೇಜಿನ ಕೆಳಗೆ ಅವರ ಬೂಟುಗಾಲು ಬಂದು ನನ್ನ ಪಾದಕ್ಕೆ ತಾಗಿ ಅಲ್ಲಿಯೇ ಉಳಿಯಿತು.

ತಜ್ಞೆಯ ತೀರ್ಪು ತೀರ್ಪೇ ಆಗಿರಲಿಲ್ಲ. ಅಸಲಿ ಇರಬಹುದು, ಇಲ್ಲದಿರಬಹುದು. ಅಲ್ಲಿಂದ ನಿಮ್ಮ ಮನೆಗೆ ಹೇಗೆ ಬಂತೆಂದು ಹೇಳಲಾಗದು. ಒಂದನ್ನು ಮಾತ್ರ ಖಂಡಿತವಾಗಿ ಹೇಳಿದರು: ದಯವಿಟ್ಟು ಇನ್ನು ಮುಂದೆ ಇದನ್ನು ಉಜ್ಜಬೇಡಿ. ಹುಣಸೇಹಣ್ಣು ಬೇಡ, ಬೂದಿ ಬೇಡ, ಏನೂ ಬೇಡ. ಎರಡು ಸಲ ಹೇಳಿದರು, ಎರಡನೆಯ ಸಲ ಅತ್ತೆಯ ಕಣ್ಣಿನಲ್ಲಿ ಕಣ್ಣಿಟ್ಟು. ಅತ್ತೆ ಏನೂ ತಿಳಿಯದವರಂತೆ ಮುಗುಳ್ನಕ್ಕರು. ಅಷ್ಟರಲ್ಲಿ ನನ್ನ ಗಂಡ ಏದುಸಿರು ಬಿಡುತ್ತ ಬಂದರು. ಇರಬಹುದು ಎಂಬ ಒಂದು ಮಾತು ಅವರಿಗೆ ಸಾಕಾಯಿತು. ರಾಜ್ಯೋತ್ಸವದಲ್ಲಿ ಭಾಷಣ ನಡೆಯಿತು ಕೂಡ. ಮುಂದಿನ ಸಾಲಿನಲ್ಲಿ ನಾಲ್ಕು ಜನ ಮಲಗಿದರು, ಯಾರಿಗೂ ಅಪಾಯವಾಗಲಿಲ್ಲ.

ಆ ದಿನ ಮ್ಯೂಸಿಯಮ್ಮಿನಿಂದ ನನ್ನ ಗಂಡ ನೇರ ಆಸ್ಪತ್ರೆಗೆ ಹೋದರು. ನಾವಿಬ್ಬರೂ ಟ್ಯೂಬ್ ಹಿಡಿದೆವು. ಜ್ಯೂಬಿಲಿ ಲೈನಿನ ಪ್ಲಾಟ್‌ಫಾರಮ್ಮಿಗೆ ಬರುವ ದಾರಿಯಲ್ಲಿ ಎರಡು ಬಾಣ, ಒಂದು ಸ್ಟ್ಯಾನ್ಮೋರಿಗೆ, ಇನ್ನೊಂದು ಸ್ಟ್ರಾಟ್‌ಫರ್ಡಿಗೆ. ಆ ಲೈನನ್ನು ಸ್ಟ್ರಾಟ್‌ಫರ್ಡಿನವರೆಗೆ ಎಳೆದು ಇನ್ನೂ ಬಹಳ ದಿನವಾಗಿರಲಿಲ್ಲ. ಅತ್ತೆ ಅಲ್ಲಿ ಒಂದು ಗಳಿಗೆ ನಿಂತರು. "ಈಗ ಒಂದಾ ಗಾಡ್ಯಾಗ ಹೋಗಬಹುದು ನೋಡು," ಎಂದರು. ಆಮೇಲೆ ನಮ್ಮ ಕಡೆಯ ಗಾಡಿ ಹತ್ತಿದೆವು.

ಗಾಡಿ ಸುರಂಗದಿಂದ ಬೆಳಕಿಗೆ ಬಂದ ಮೇಲೆ ಅತ್ತೆ ಕೈಚೀಲ ತೆರೆದರು. ರವಿಕೆಬಟ್ಟೆಯ ಗಂಟು ತೆಗೆದು, ನನ್ನ ಕೈ ಹಿಡಿದು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬೆರಳು ಬಿಡಿಸಿದರು. ಎದುರು ಕೂತ ಹುಡುಗಿ ಪೇಪರಿನ ಮೇಲಿಂದ ನೋಡುತ್ತಿದ್ದಳು.

"ಅತ್ತಿ ಕೊಟ್ಟಿದ್ದು ಅಂತ ಅಕಿ ಮುಂದ ಹೇಳಿದಿ," ಎಂದರು. "ಹೇಳಿದ್ದು ಖರೇ ಆಗಬೇಕಲ್ಲವಾ. ತೊಗೋ."

ಆಕಳು ಬೆಚ್ಚಗಿತ್ತು. ನಾನು ಮುಷ್ಟಿ ಮುಚ್ಚಿದೆ. ಅಳು ಬಂತು. ಅಲ್ಲಿ ವಾಷಿಂಗ್ ಮೆಷಿನ್ ಇರಲಿಲ್ಲ.

"ಕ್ವೀನ್ಸ್‌ಬರಿಗೆ ಇಳೀಬೇಕು," ಎಂದರು ಅತ್ತೆ, ಕಿಟಕಿಯ ಹೊರಗೆ ನೋಡುತ್ತ. "ದೀಪಾವಳಿ ಬಂತು. ಮನ್ಯಾಗ ಹುಣಸಿಹಣ್ಣು ಇಲ್ಲ."

"ಅತ್ತೆ, ಇನ್ಮೇಲೆ ಉಜ್ಜಲೇಬಾರದು ಅಂದ್ರಲ್ಲ ಆಕೆ? ಎರಡು ಸಲ ಹೇಳಿದ್ರು."

"ಹೇಳಿದ್ಲೇನು? ನನಗೆಲ್ಲಿ ಇಂಗ್ಲಿಷ್ ಬರತೈತಿ," ಎಂದು ಅತ್ತೆ ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತರು. "ಮತ್ತ ಈ ಸಲ ಉಜ್ಜಾಕಿ ನೀನು."